ಕನ್ನಡ ಓದಲು ಬಾರದ ಎಂಜಿನಿಯರ್ ನಮ್ಮೂರುಗಳ ಕಥೆ ಬರೆಸಿದ್ದು ಹೇಗೆ? ಮೆಕೆಂಜಿ ಬಗ್ಗೆ ಮಾತಾಡೋಣ

ಕಡತದ_ಮನೆ (ಚರ್ಚೆ ಶುರು ಮಾಡಿದವರು):

ಎಲ್ಲರಿಗೂ ನಮಸ್ಕಾರ. ಹೋದ ವಾರ ಊರಿಗೆ ಹೋಗಿದ್ದಾಗ ಅಟ್ಟದ ಮೇಲಿನ ಹಳೇ ಪೆಟ್ಟಿಗೆ ಇಳಿಸಿದೆವು. ನಮ್ಮ ಮುತ್ತಜ್ಜ ಶಾನುಭೋಗರಾಗಿದ್ದವರು, ಅಂದರೆ ಊರಿನ ಲೆಕ್ಕ ಬರೆಯುವವರು. ಪೆಟ್ಟಿಗೆಯಲ್ಲಿ ಮೂರು ಕಡತ ಸಿಕ್ಕವು. ನೋಡದವರಿಗೆ ಹೇಳುತ್ತೇನೆ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಗಟ್ಟಿ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿಟ್ಟ ಕಪ್ಪು ಪುಸ್ತಕವೇ ಕಡತ. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ನಮ್ಮ ಮನೆಯದರಲ್ಲಿ ಇರುವುದು ಮೋಡಿ ಅಕ್ಷರ, ಅಂದರೆ ಒಂದಕ್ಕೊಂದು ಕೂಡಿಸಿ ವೇಗವಾಗಿ ಬರೆಯುವ ಹಳೇ ಕೈಬರಹ. ನನಗೆ ಅರ್ಧವೂ ಓದಲಾಗಲಿಲ್ಲ.

ಅವತ್ತಿನಿಂದ ನನಗೆ ಒಬ್ಬ ಮನುಷ್ಯ ನೆನಪಾಗುತ್ತಿದ್ದಾನೆ. ಕಾಲಿನ್ ಮೆಕೆಂಜಿ. ಸ್ಕಾಟ್ಲೆಂಡಿನ ವಾಯವ್ಯಕ್ಕಿರುವ ಲೂಯಿಸ್ ದ್ವೀಪದ ಸ್ಟಾರ್ನೊವೇ ಊರಿನವನು. 1754ರ ಸುಮಾರಿಗೆ ಹುಟ್ಟಿದವನು. ಮೊದಲು ಅಲ್ಲೇ ಸುಂಕದ ಕಚೇರಿಯಲ್ಲಿ ಕೆಲಸ. 1783ರಲ್ಲಿ ಮದರಾಸಿಗೆ ಬಂದು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿದ. 1786ರಲ್ಲಿ ಎಂಜಿನಿಯರುಗಳ ಪಡೆಗೆ ಬಂದ. ಶ್ರೀರಂಗಪಟ್ಟಣದ ಎರಡೂ ಮುತ್ತಿಗೆಗಳಲ್ಲಿ, 1792ರಲ್ಲೂ 1799ರಲ್ಲೂ, ಇದ್ದ. ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯ ಮೋಜಣಿ, ಅಂದರೆ ನೆಲದ ಅಳತೆ, ಅವನ ತಲೆಗೆ ಬಿತ್ತು. ಸುಮಾರು 40,000 ಚದರ ಮೈಲಿ ನೆಲ. ಏಳೆಂಟು ವರ್ಷ ಹಿಡಿಯಿತು. ನಕ್ಷೆಗಳ ಜೊತೆಗೆ 7 ದೊಡ್ಡ ಸಂಪುಟಗಳ ವರದಿ ಕೊಟ್ಟ.

ಇಷ್ಟೇ ಆಗಿದ್ದರೆ ನಾನು ಈ ಚರ್ಚೆ ತೆಗೆಯುತ್ತಲೇ ಇರಲಿಲ್ಲ. ಅವನು ನೆಲ ಅಳೆದು ಸುಮ್ಮನಾಗಲಿಲ್ಲ. ಪ್ರತಿ ಊರಲ್ಲೂ ಕೇಳಿಸಿದ. ಈ ಊರು ಯಾರು ಕಟ್ಟಿದರು? ಕೆರೆ ಯಾರು ಕಟ್ಟಿಸಿದರು? ಯಾವ ಪಾಳೆಯಗಾರನ ಕೈಯಿಂದ ಯಾರ ಕೈಗೆ ಹೋಯಿತು? ಯಾರಿಗೆ ಇನಾಮು (ದಾನವಾಗಿ ಬಿಟ್ಟ ಭೂಮಿ), ಯಾವ ದೇವರಿಗೆ ಎಷ್ಟು ಗದ್ದೆ? ಇದಕ್ಕೆಲ್ಲ ಊರಿನ ಶಾನುಭೋಗರು, ಪೂಜಾರಿಗಳು, ಹಿರಿಯರು ಕೊಟ್ಟ ಉತ್ತರವೇ ಕೈಫಿಯತ್ತು. ಅವನು ಸತ್ತಾಗ ಉಳಿದದ್ದು 1,568 ಹಸ್ತಪ್ರತಿ, 8,076 ಶಾಸನಗಳ ಪ್ರತಿ, 2,630 ಚಿತ್ರ, 6,218 ನಾಣ್ಯ. ಸ್ಥಳೀಯ ವೃತ್ತಾಂತಗಳೇ 2,000ಕ್ಕೂ ಜಾಸ್ತಿ.

ನನ್ನನ್ನು ಕಾಡುವ ವಿಷಯ ಇದು. ಮೆಕೆಂಜಿಗೆ ನಮ್ಮ ಭಾಷೆ ಯಾವುದೂ ಬರುತ್ತಿರಲಿಲ್ಲ. ಕಲಿಯಲು ಅವಕಾಶವೇ ಆಗಲಿಲ್ಲ ಎಂದು 1817ರ ಒಂದು ಪತ್ರದಲ್ಲಿ ಅವನೇ ನೊಂದುಕೊಂಡಿದ್ದಾನೆ. ಹಾಗಾದರೆ "ಮೆಕೆಂಜಿ ಬರೆದದ್ದು" ಎಂದು ನಾವು ಹೇಳುವುದು ಯಾರ ಬರಹ? ನನ್ನ ಪ್ರಕಾರ ಅದು ನಮ್ಮ ಮುತ್ತಜ್ಜನಂಥವರ ಬರಹ. ನಿಮಗೆಲ್ಲ ಏನನ್ನಿಸುತ್ತದೆ?

ಗುಂಟೆ_ಸರಪಳಿ:

ಒಳ್ಳೇ ವಿಷಯ ತೆಗೆದಿರಿ. ನಾನು ಮೂವತ್ತು ವರ್ಷ ಭೂಮಾಪನದಲ್ಲಿ ಕೆಲಸ ಮಾಡಿದವನು. ಚೈನು ಎಳೆದು, ಬಾಂದುಕಲ್ಲು ಹುಡುಕಿ, ಆಕಾರಬಂದು ಟಿಪ್ಪಣಿ ನೋಡಿಯೇ ತಲೆ ಬೆಳ್ಳಗಾಗಿದ್ದು. ಆ ಅನುಭವದಿಂದ ಒಂದು ಮಾತು ಸೇರಿಸುತ್ತೇನೆ.

ಮೋಜಣಿದಾರ ಊರಿಗೆ ಕಾಲಿಟ್ಟ ಕೂಡಲೇ ಜನ ಬಾಯಿ ಮುಚ್ಚುತ್ತಾರೆ. ನನ್ನ ಕಾಲದಲ್ಲೂ ಹಾಗೇ. "ಸರ್, ರಸ್ತೆಗೆ ಜಮೀನು ಹೋಗುತ್ತಾ?" ಎನ್ನುವುದೇ ಮೊದಲ ಪ್ರಶ್ನೆ. ಇನ್ನು 1800ರಲ್ಲಿ ಯೋಚಿಸಿ. ಈಗಷ್ಟೇ ಯುದ್ಧ ಮುಗಿದಿದೆ. ದೊರೆ ಸತ್ತಿದ್ದಾನೆ. ಕೆಂಪು ಕೋಟಿನವರ ಕಡೆಯ ಗುಮಾಸ್ತ ಬಂದು "ನಿಮ್ಮ ತಾಮ್ರಶಾಸನ ತೋರಿಸಿ" ಎಂದರೆ ಯಾರು ತೋರಿಸುತ್ತಾರೆ? ಇನಾಮು ಕಿತ್ತುಕೊಳ್ಳಲು ಬಂದಿದ್ದಾರೆ ಎಂದೇ ಹೆದರುತ್ತಿದ್ದರು. ಶಾಸನ ಬಚ್ಚಿಟ್ಟವರೂ ಇದ್ದರು. ಅಂಥ ಬಾಯಿಯಿಂದ ಇಷ್ಟು ಹೊರಟಿದೆ ಎಂದರೆ ಅದು ಕೇಳಿದವರ ಗೆಲುವು. ಕೇಳಿದವರು ನಮ್ಮವರೇ. ಮನೆಮನೆಗೆ ಹೋಗಿ ಕೂತು, ಎಲೆಅಡಿಕೆ ಹಾಕಿಕೊಂಡು ಮಾತಿಗೆಳೆಯುವುದು ಒಬ್ಬ ಮೇಜರ್ ಸಾಹೇಬನಿಂದ ಆಗುವ ಕೆಲಸ ಅಲ್ಲ.

ಹಾಗಂತ ಎಂಜಿನಿಯರನ ಕೆಲಸವನ್ನು ಹಗುರ ಮಾಡಬೇಡಿ. ಗುಡ್ಡದ ತುದಿಯಿಂದ ಗುಡ್ಡದ ತುದಿಗೆ ಕೋನ ಅಳೆದು ತ್ರಿಕೋನ ಕಟ್ಟುತ್ತಾ ಹೋಗುವುದು. ಒಂದು ಕೋನ ತಪ್ಪಿದರೆ ಇಡೀ ಸಾಲು ತಪ್ಪು. ಮಲೆನಾಡಿನ ಜ್ವರ ಬೇರೆ. ಅವನ ತಂಡದಲ್ಲಿ ವೈದ್ಯನಾಗಿ ಬಂದಿದ್ದ ಜಾನ್ ಲೇಡನ್ ಎಂಬ ಕವಿ ಶ್ರೀರಂಗಪಟ್ಟಣದಲ್ಲಿ ಕಾಯಿಲೆ ಬಿದ್ದು ನರಳಿದ. ಗಿಡಗಳ ಲೆಕ್ಕಕ್ಕೆ ಬಂದ ಬೆಂಜಮಿನ್ ಹೈನ್ ಎಂಬ ಇನ್ನೊಬ್ಬ ವೈದ್ಯ ನಮ್ಮ ಲಾಲ್‌ಬಾಗನ್ನೂ ಕೆಲಕಾಲ ನೋಡಿಕೊಂಡ. ನಕ್ಷೆ ಎನ್ನುವುದು ಸುಮ್ನೆ ಬರುವುದಿಲ್ಲ.

ಹುಣಸೆಮರ:

ಇಬ್ಬರ ಮಾತನ್ನೂ ಗೌರವದಿಂದ ಓದಿದೆ. ಆದರೆ ನನಗೆ ಒಂದು ತಕರಾರಿದೆ. ಮೆಕೆಂಜಿ ನಮ್ಮ ಇತಿಹಾಸದ ಮೇಲಿನ ಪ್ರೀತಿಗೆ ಇಲ್ಲಿ ಬಂದವನಲ್ಲ. 1799ರ ಯುದ್ಧದಲ್ಲಿ ಅವನು ನಿಜಾಮನ ಸೇನೆಯ ಜೊತೆಗಿದ್ದ ಎಂಜಿನಿಯರ್. ಫಿರಂಗಿ ಎಲ್ಲಿ ನಿಲ್ಲಿಸಬೇಕು, ಕೋಟೆ ಗೋಡೆ ಎಲ್ಲಿ ಒಡೆಯಬೇಕು ಎಂದು ಲೆಕ್ಕ ಹಾಕುವ ಕೆಲಸ. ಮೇ 4ಕ್ಕೆ ಕೋಟೆ ಬಿತ್ತು. ಆಮೇಲೆ ಕಂಪನಿ, ನಿಜಾಮ ಇಬ್ಬರೂ ಸೀಮೆಯನ್ನು ಹಂಚಿಕೊಂಡರು. ಉಳಿದದ್ದಕ್ಕೆ 5 ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಕೂರಿಸಿದರು. ಯಾವ ಊರು ಯಾರ ಪಾಲು ಎಂದು ಗೆರೆ ಎಳೆಯಬೇಕಿತ್ತು. ಅದಕ್ಕೇ ಮೋಜಣಿ.

ಯಾವ ಊರಲ್ಲಿ ಎಷ್ಟು ಇನಾಮು, ಯಾವ ಪಾಳೆಯಗಾರನ ಮನೆತನ ಇನ್ನೂ ಉಸಿರಾಡುತ್ತಿದೆ ಎನ್ನುವುದು ಆಳುವವರಿಗೆ ಬೇಕಾದ ಸುದ್ದಿಯೇ ಅಲ್ವಾ? ಸೇನೆಯ ಎಂಜಿನಿಯರ್ ವಸಾಹತಿನ ಬದುಕಿನ ಬಗ್ಗೆ ಬರೆದರೆ ಅದರ ಹಿಂದೆ ಕಚೇರಿಯ ಕಣ್ಣು ಇದ್ದೇ ಇರುತ್ತದೆ. ಇದನ್ನು ಮರೆತು ಹೊಗಳುವುದು ನನಗೆ ಸರಿ ಕಾಣುವುದಿಲ್ಲ.

ಕಡತದ_ಮನೆ:

ಹುಣಸೆಮರ ಸರ್, ಒಪ್ಪುತ್ತೇನೆ. ಮೊದಲ ಬರಹದಲ್ಲೇ ಇದನ್ನು ಬರೆಯಬೇಕಿತ್ತು. ಕಂಪನಿಗೆ ಬೇಕಾಗಿದ್ದು ನಕ್ಷೆ ಮತ್ತು ಕಂದಾಯ. ಅದರಲ್ಲಿ ಎರಡು ಮಾತಿಲ್ಲ.

ಆದರೆ ನಾಣ್ಯ, ಹಳೇ ಕಾವ್ಯದ ಓಲೆಗರಿ, ಬಸದಿಯ ಕಥೆ ಇವುಗಳಿಗೆ ಕಂಪನಿ ದುಡ್ಡು ಕೊಡುತ್ತಿರಲಿಲ್ಲ. ಅದಕ್ಕೆ ಮೆಕೆಂಜಿ ಸ್ವಂತ ಜೇಬಿನಿಂದ ಖರ್ಚು ಮಾಡಿದ. ಕೊನೆಗೆ ಅವನ ಹೆಂಡತಿಯಿಂದ ಆ ಸಂಗ್ರಹವನ್ನು ಕಂಪನಿ 1 ಲಕ್ಷ ರೂಪಾಯಿಗೆ ಕೊಂಡುಕೊಂಡಿತು. ಈ ಹುಚ್ಚು ಎಲ್ಲಿಂದ ಬಂತು ಎನ್ನುವುದೂ ಸ್ವಾರಸ್ಯ. ಲಾಗರಿದಮ್ ಕಂಡುಹಿಡಿದ ಜಾನ್ ನೇಪಿಯರನ ಜೀವನ ಬರೆಯುವ ಯೋಚನೆ ಆ ಮನೆತನದವರಿಗಿತ್ತು. ಹಿಂದೂಗಳ ಗಣಿತದ ಬಗ್ಗೆ ಅವರಿಗೆ ಮಾಹಿತಿ ಬೇಕಿತ್ತು. ಅದರ ಬೆನ್ನು ಹತ್ತಿ ಮದುರೆಯಲ್ಲಿ ಪಂಡಿತರನ್ನು ಕಂಡವನು ಮೆಕೆಂಜಿ. ಗಣಿತ ಹುಡುಕಲು ಹೋದವನಿಗೆ ಊರುಗಳ ಕಥೆಯ ರುಚಿ ಹತ್ತಿತು.

ಎರಡೂ ಒಬ್ಬನೇ ಮನುಷ್ಯನಲ್ಲಿ ಇದ್ದವು. ನನಗೆ ಒಂದನ್ನು ಬಿಟ್ಟು ಇನ್ನೊಂದನ್ನು ನೋಡಲು ಆಗುತ್ತಿಲ್ಲ.

ಬಸದಿ_ಬೀದಿ:

ನಾನು ಹಳಗನ್ನಡ ಪಾಠ ಮಾಡುವವಳು. ಹೆಸರು ಹಿಡಿದು ಮಾತಾಡೋಣ ಎನಿಸಿತು. "ನಮ್ಮವರು" ಎಂದರೆ ಯಾರು?

ಮೊದಲನೆಯವನು ಕಾವಲಿ ವೆಂಕಟ ಬೋರಯ್ಯ. ಏಲೂರು ಕಡೆಯ ತೆಲುಗು ಮನೆಯ ಹುಡುಗ. ಹಲವು ಭಾಷೆ ಬಲ್ಲವನು. ಹಳಗನ್ನಡ ಶಾಸನಗಳ ಅಕ್ಷರ ಬಿಡಿಸಿದ್ದು ಅವನು ಎಂದು ತಮ್ಮ ರಾಮಸ್ವಾಮಿ ಬರೆದಿಟ್ಟಿದ್ದಾನೆ. 1803ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ ಬೋರಯ್ಯ ತೀರಿಕೊಂಡ. ಭಾರತದ ವಿದ್ಯೆಯ ಬಾಗಿಲು ನನಗೆ ತೆರೆದದ್ದು ಅವನ ಪರಿಚಯದಿಂದಲೇ ಎನ್ನುವ ಅರ್ಥದ ಮಾತನ್ನು ಮೆಕೆಂಜಿ 1817ರ ಅದೇ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಬೋರಯ್ಯ ಸತ್ತು 14 ವರ್ಷವಾದ ಮೇಲೆ ಬರೆದ ಮಾತು ಅದು. ಓದಿದಾಗ ನನ್ನ ಕಣ್ಣು ಒದ್ದೆಯಾಯಿತು.

ಇನ್ನೊಂದು ಸಾಕ್ಷಿ ಕೇಳಿ. ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿ ಎಂಬ ವಿದ್ವಾಂಸರ ಸಂಘ ತರುತ್ತಿದ್ದ ಏಷಿಯಾಟಿಕ್ ರಿಸರ್ಚಸ್ ಪತ್ರಿಕೆಯ ಒಂಬತ್ತನೇ ಸಂಪುಟದಲ್ಲಿ ಜೈನರ ಬಗ್ಗೆ ಒಂದು ಲೇಖನ ಇದೆ. ಎಲ್ಲರೂ ಅದನ್ನು ಮೆಕೆಂಜಿಯದು ಎನ್ನುತ್ತಾರೆ. ಆದರೆ ತಲೆಬರಹದಲ್ಲೇ ಇದೆ: ಮುಡ್ಗೇರಿಯ ಜೈನ ಪುರೋಹಿತನೊಬ್ಬನಿಂದ ಪಡೆದದ್ದು, ಮೇಜರ್ ಮೆಕೆಂಜಿಗಾಗಿ ಅನುವಾದ ಮಾಡಿದವನು ಕಾವಲಿ ಬೋರಯ್ಯ. ಹೇಳಿದವನು ಒಬ್ಬ, ಬರೆದವನು ಒಬ್ಬ, ಬರೆಸಿದವನು ಒಬ್ಬ. ಮೂವರೂ ಅಲ್ಲಿದ್ದಾರೆ. ಪುರೋಹಿತನ ಹೆಸರು ಮಾತ್ರ ಇಲ್ಲ.

ಇನ್ನು ನಮ್ಮ ಚಾಮರಾಜನಗರದ ಹತ್ತಿರದ ಮಲೆಯೂರು. ಅಲ್ಲಿನ ಕನಕಗಿರಿಗೆ ಮೆಕೆಂಜಿ ತಂಡ 1804ರಲ್ಲಿ ಬಂತು. ಸ್ಥಳಪುರಾಣ ಕೇಳಿತು. ಅಲ್ಲಿ ಅವರಿಗೆ ಎದುರಾದವನು ದೇವಚಂದ್ರ. ಮುಂದೆ ರಾಜಾವಳಿ ಕಥೆ ಎಂಬ ಕನ್ನಡದ ಇತಿಹಾಸ ಗ್ರಂಥ ಬರೆದ ಅದೇ ದೇವಚಂದ್ರ. ಆಗ ಅವನಿಗೆ ಮೂವತ್ತು ದಾಟಿತ್ತು ಅಷ್ಟೇ. ತಂಡದ ಜೊತೆ ಸ್ವಲ್ಪ ಕಾಲ ತಿರುಗಿ ಕಥೆ ಬರೆದುಕೊಟ್ಟ. ಸುಮಾರು 1840ರ ಹೊತ್ತಿಗೆ ಮೈಸೂರು ಅರಮನೆಯ ದೇವೀರಮ್ಮಣ್ಣಿಗಾಗಿ ರಾಜಾವಳಿ ಕಥೆ ಮುಗಿಯಿತು. ಒಬ್ಬ ಪರದೇಶಿ ಕೇಳಿದ ಪ್ರಶ್ನೆ ಒಬ್ಬ ಕನ್ನಡ ಲೇಖಕನ ಒಳಗೆ ಮೂವತ್ತೈದು ವರ್ಷ ಕೂತಿತ್ತು. ನನಗಂತೂ ಕೈಫಿಯತ್ತುಗಳ ಎಲ್ಲ ಲೆಕ್ಕಕ್ಕಿಂತ ಇದು ದೊಡ್ಡದಾಗಿ ಕಾಣುತ್ತದೆ.

ಚಿನ್ನದ_ಗಣಿಯ_ಮಗ:

ಅಕ್ಕಾ, ತುಂಬಾ ಚೆನ್ನಾಗಿ ಬರೆದಿರಿ. ನಮ್ಮ ತಂದೆ ಕೋಲಾರ ಗಣಿಯಲ್ಲಿ ಇಳಿದವರು. ಕೋಲಾರದ ಚಿನ್ನ ಕಂಡುಹಿಡಿದವನು ಮೆಕೆಂಜಿ ಎಂದು ಚಿಕ್ಕಂದಿನಲ್ಲಿ ಯಾರೋ ಹೇಳಿದ್ದು ನೆನಪು. ಅದು ನಿಜವೇ?

ಗುಂಟೆ_ಸರಪಳಿ:

ಮೆಕೆಂಜಿ ಅಲ್ಲಪ್ಪ, ಅದು ಜಾನ್ ವಾರೆನ್. ಮೈಸೂರು ಮೋಜಣಿಯಲ್ಲೇ ಕೆಲಸ ಮಾಡುತ್ತಿದ್ದ ಲೆಫ್ಟಿನೆಂಟ್. 1802ರಲ್ಲಿ ಸೀಮೆಯ ಪೂರ್ವದ ಗಡಿ ಗುರುತಿಸುತ್ತಿದ್ದ. ಮಣ್ಣಲ್ಲಿ ಚಿನ್ನ ಸಿಗುತ್ತದೆ ಎಂಬ ಸುದ್ದಿ ಕಿವಿಗೆ ಬಿತ್ತು. ತೋರಿಸಿದವರಿಗೆ ಇನಾಮು ಎಂದ. ಊರಗಾಂ ಕಡೆಯ ಜನ ಎತ್ತಿನ ಗಾಡಿಯಲ್ಲಿ ಮಣ್ಣು ತುಂಬಿಕೊಂಡು ಬಂದು, ಅವನ ಕಣ್ಣೆದುರೇ ತೊಳೆದು ಚಿನ್ನದ ಕಣ ತೋರಿಸಿದರು. ಮಾರಿಕುಪ್ಪದಲ್ಲಿ ಆಗಲೇ ಹೊಂಡ ತೋಡುತ್ತಿದ್ದರು. ವಾರೆನ್ ಅದನ್ನೆಲ್ಲ ಬರೆದ. ಎಷ್ಟೋ ವರ್ಷದ ಮೇಲೆ, 1871ರಲ್ಲಿ, ಬೆಂಗಳೂರಲ್ಲಿದ್ದ ಲ್ಯಾವೆಲ್ ಎಂಬ ಮಾಜಿ ಸೈನಿಕ ಆ ಹಳೇ ವರದಿ ಓದಿ ಗಾಡಿ ಕಟ್ಟಿಕೊಂಡು ಹೊರಟ. ಆಮೇಲಿನ ಕಥೆ ನಿಮ್ಮ ತಂದೆಯವರಿಗೇ ಜಾಸ್ತಿ ಗೊತ್ತು.

ಇಲ್ಲೂ ನೋಡಿ, ಚಿನ್ನ ಎಲ್ಲಿದೆ ಎಂದು ಗೊತ್ತಿದ್ದದ್ದು ಊರಿನವರಿಗೆ.

ಚಿನ್ನದ_ಗಣಿಯ_ಮಗ:

ಅಪ್ಪನಿಗೆ ಓದಿ ಹೇಳಿದೆ ಸರ್. ಗಾಡಿ ಮಣ್ಣಿನ ಭಾಗ ಬಂದಾಗ ಇನ್ನೊಮ್ಮೆ ಓದು ಅಂದರು.

ತುಂಗೆಯ_ಆಚೆ_ದಡ:

ಹಂಪಿ ಬಿಟ್ಟುಹೋಯಿತಲ್ಲ! ಹೊಸ ಕಾಲದ ರೀತಿಯಲ್ಲಿ ಹಂಪಿಯ ಮೊದಲ ನಕ್ಷೆ ಮಾಡಿಸಿದ್ದು ಮೆಕೆಂಜಿಯೇ. 1799ರ ಹೊತ್ತಿನದು. ನೀರುಬಣ್ಣದಲ್ಲಿ ಬರೆದ ನಕ್ಷೆ. ಗುಡಿ, ಬಂಡೆ, ಹೊಳೆ ಎಲ್ಲ ಅದರಲ್ಲಿವೆ. ನಾನು ಪ್ರವಾಸಿಗಳಿಗೆ ಊರು ತೋರಿಸುವ ಕೆಲಸ ಮಾಡುತ್ತೇನೆ. ಅದರ ಒಂದು ಪ್ರತಿ ಮೊಬೈಲಿನಲ್ಲಿ ಇಟ್ಟುಕೊಂಡಿದ್ದೇನೆ. ಜನ ಈಗಿನ ಬೀದಿಯನ್ನೂ ಆ ನಕ್ಷೆಯನ್ನೂ ಹೋಲಿಸಿ ನೋಡುತ್ತಾ ಹತ್ತು ನಿಮಿಷ ನಿಂತುಬಿಡುತ್ತಾರೆ. "ಹಂಪಿಯನ್ನು ಅವನೇ ಕಂಡುಹಿಡಿದ" ಎಂದು ಯಾರಾದರೂ ಹೇಳಿದರೆ ಮಾತ್ರ ನಾನು ತಡೆಯುತ್ತೇನೆ. ವಿರೂಪಾಕ್ಷನ ಗುಡಿಯಲ್ಲಿ ಅವತ್ತೂ ಪೂಜೆ ನಡೆಯುತ್ತಿತ್ತು.

ಥೇಮ್ಸ್_ದಂಡೆಯ_ಕನ್ನಡಿಗ:

ನಾನು ಲಂಡನ್ನಿನಲ್ಲಿ ಇರುವುದು. ಮೆಕೆಂಜಿಯ ಒಂದು ವರ್ಣಚಿತ್ರ ಇಲ್ಲಿನ ಬ್ರಿಟಿಷ್ ಲೈಬ್ರರಿಯ ಸಂಗ್ರಹದಲ್ಲಿದೆ. ಥಾಮಸ್ ಹಿಕಿ 1816ರಲ್ಲಿ ಬರೆದದ್ದು. ನಡುವೆ ಕೆಂಪು ಕೋಟಿನ ಮೆಕೆಂಜಿ. ವಯಸ್ಸಾಗಿದೆ, ಮುಖ ಬಳಲಿದೆ. ಸುತ್ತ ಮೂವರು ಭಾರತೀಯರು. ಒಬ್ಬರ ಕೈಯಲ್ಲಿ ಓಲೆಗರಿ. ಅವರು ಜೈನ ಪಂಡಿತ ಧರ್ಮಯ್ಯ ಎಂದು ಗುರುತಿಸುತ್ತಾರೆ. ದೂರದರ್ಶಕ ಹಿಡಿದವನು ಕೃಷ್ಣಾಜಿ ಎಂಬ ಜವಾನ. ಇನ್ನೊಬ್ಬನು ಕಾವಲಿ ಲಕ್ಷ್ಮಯ್ಯ, ಬೋರಯ್ಯನ ತಮ್ಮ.

ಚಿತ್ರದ ಹಿನ್ನೆಲೆ ನೋಡಿದಾಗ ನನಗೆ ಮೈ ಜುಮ್ಮೆಂದಿತು. ದೂರದ ಗುಡ್ಡದ ಮೇಲೆ ನಮ್ಮ ಕಾರ್ಕಳದ ಗೊಮ್ಮಟ ನಿಂತಿದ್ದಾನೆ! 1432ರಲ್ಲಿ ನಿಂತ 42 ಅಡಿಯ ಗೊಮ್ಮಟ. ಪಕ್ಕದಲ್ಲಿ ಮೋಜಣಿಗೆ ಗುರುತಾಗಿ ನೆಟ್ಟ ಕಂಬ. ನಾನು ಕಾರ್ಕಳದವನು. ಶಾಲೆಯಿಂದ ಬರುವಾಗ ದಿನಾ ನೋಡುತ್ತಿದ್ದ ಗುಡ್ಡ ಅದು.

ಬೇರೆ ಸಾಹೇಬರ ಚಿತ್ರಗಳಲ್ಲಿ ನಮ್ಮವರು ಕೊಡೆ ಹಿಡಿದೋ ಹುಕ್ಕಾ ಹಿಡಿದೋ ನಿಂತಿರುತ್ತಾರೆ. ಇಲ್ಲಿ ಓಲೆಗರಿ ಹಿಡಿದಿದ್ದಾರೆ. ಈ ವ್ಯತ್ಯಾಸ ನನಗೆ ಮುಖ್ಯ. ಕಡತದ_ಮನೆಯವರು ಕೇಳಿದ ಪ್ರಶ್ನೆಗೆ ಮೆಕೆಂಜಿಯೇ ಅರ್ಧ ಉತ್ತರ ಕೊಟ್ಟ ಹಾಗಿದೆ.

ಹುಣಸೆಮರ:

ಅರ್ಧ ಉತ್ತರ ಎಂದಿರಿ. ಸರಿಯಾಗಿ ಹೇಳಿದಿರಿ. ಉಳಿದರ್ಧ ನಾನು ಹೇಳುತ್ತೇನೆ, ಅದು ಸಂತೋಷದ್ದಲ್ಲ.

ಮೆಕೆಂಜಿ ಜಾವಾಕ್ಕೆ ಹೋಗಿಬಂದ. 1815ರಲ್ಲಿ ಇಡೀ ಭಾರತದ ಸರ್ವೆಯರ್ ಜನರಲ್ ಆದ. ಕಲ್ಕತ್ತೆಗೆ ಹೋಗುವಾಗ ಲಕ್ಷ್ಮಯ್ಯನನ್ನು ಕರೆದುಕೊಂಡೇ ಹೋದ. 1821ರ ಮೇ 8ರಂದು ಸತ್ತ. ಅಲ್ಲಿನ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿ ಹೂತಿದ್ದಾರೆ. ಹೊರೇಸ್ ವಿಲ್ಸನ್ ಸಂಗ್ರಹದ ಪಟ್ಟಿ ಮಾಡಿ 1828ರಲ್ಲಿ ಅಚ್ಚು ಹಾಕಿಸಿದ. ಲಕ್ಷ್ಮಯ್ಯನಿಗೆ ಅದು ಸಾಲಲಿಲ್ಲ. ಅರ್ಧಕ್ಕೆ ನಿಂತ ಕೆಲಸವನ್ನು ಮುಂದುವರಿಸುತ್ತೇನೆ, ಅವಕಾಶ ಕೊಡಿ ಎಂದು ಕೇಳಿದ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಇದೇ ಕೆಲಸ ಮಾಡಿದವನು. ಅವನಷ್ಟು ಆ ಕಾಗದಗಳನ್ನು ಬಲ್ಲವನು ಇನ್ನೊಬ್ಬ ಇರಲಿಲ್ಲ.

ಏಷಿಯಾಟಿಕ್ ಸೊಸೈಟಿಯಲ್ಲಿ ವಿಷಯ ಜೇಮ್ಸ್ ಪ್ರಿನ್ಸೆಪ್ ಮುಂದೆ ಬಂತು. ಅಶೋಕನ ಶಾಸನಗಳ ಬ್ರಾಹ್ಮಿ ಲಿಪಿ ಓದಿದ ಪ್ರಿನ್ಸೆಪ್. ಲಕ್ಷ್ಮಯ್ಯ ಸಹಾಯಕನಾಗಿ ಉಪಯೋಗಕ್ಕೆ ಬಂದಾನು, ಆದರೆ ಇಂಥ ದೊಡ್ಡ ಕೆಲಸ ಅವನ ಕೈಯಲ್ಲಿ ಆಗುವುದಲ್ಲ, ಮೇಲೊಂದು ತಲೆ ಬೇಕು ಎನ್ನುವ ಅಭಿಪ್ರಾಯ ಬಂತು. ಕೆಲಸ ವಿಲಿಯಂ ಟೇಲರ್ ಎಂಬ ಪಾದ್ರಿಗೆ ಹೋಯಿತು. ಮೆಕೆಂಜಿ ಬದುಕಿದ್ದಾಗ ಲಕ್ಷ್ಮಯ್ಯ ಚಿತ್ರದಲ್ಲಿ ಪಕ್ಕಕ್ಕೆ ನಿಂತಿದ್ದ. ಅವನು ಸತ್ತ ಮೇಲೆ ಚಿತ್ರದಿಂದಲೇ ಹೊರಗೆ.

ನನ್ನ ತಕರಾರು ಮೆಕೆಂಜಿಯ ಗುಣದ ಮೇಲಲ್ಲ. ಒಬ್ಬ ಒಳ್ಳೆಯ ಯಜಮಾನನ ಪ್ರೀತಿಯ ಮೇಲೆ ನಿಂತ ಗೌರವ ಅವನ ಜೊತೆಗೇ ಹೂತುಹೋಯಿತು ಎನ್ನುವುದು ನನ್ನ ಸಂಕಟ.

ಬಸದಿ_ಬೀದಿ:

ಹುಣಸೆಮರ ಸರ್, ಇದನ್ನು ನನ್ನ ವಿದ್ಯಾರ್ಥಿಗಳಿಗೆ ಓದಿಸುತ್ತೇನೆ. ಒಂದು ಮಾತು ಸೇರಿಸಲೇ? ಕಿರಿಯ ರಾಮಸ್ವಾಮಿ ಸುಮ್ಮನೆ ಕೂರಲಿಲ್ಲ. 1829ರಲ್ಲಿ ದಕ್ಷಿಣದ ಕವಿಗಳ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದ. ಅದರಲ್ಲಿ ಅಣ್ಣ ಬೋರಯ್ಯನಿಗೂ ಒಂದು ಜಾಗ ಕೊಟ್ಟ. ಯಾರೂ ಬರೆಯದಿದ್ದರೆ ತಮ್ಮನಾದರೂ ಬರೆಯಬೇಕಲ್ಲ.

ಹೊಸ_ಓದುಗ:

ನಾನು ಇಲ್ಲಿಗೆ ಹೊಸಬ. ಕೈಫಿಯತ್ತು ಕನ್ನಡದಲ್ಲೇ ಓದಲು ಸಿಗುತ್ತದೆಯೇ? ನಮ್ಮೂರಿನದು ಇದೆಯೇ ಎಂದು ನೋಡುವ ಆಸೆ.

ಬಸದಿ_ಬೀದಿ:

ಸಿಗುತ್ತದೆ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ಕರ್ನಾಟಕದ ಕೈಫಿಯತ್ತುಗಳು ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ 1994ರಲ್ಲಿ ಬಂದಿದೆ. ಜಿಲ್ಲಾ ಗ್ರಂಥಾಲಯದಲ್ಲಿ ಕೇಳಿ ನೋಡಿ. ಮೂಲ ಹಸ್ತಪ್ರತಿಗಳಲ್ಲಿ ಬಹಳಷ್ಟು ಚೆನ್ನೈಯ ಸರ್ಕಾರಿ ಓರಿಯಂಟಲ್ ಹಸ್ತಪ್ರತಿ ಗ್ರಂಥಾಲಯದಲ್ಲಿವೆ.

ಓದುವಾಗ ಒಂದು ವಿಷಯ ನೆನಪಿಡಿ. ಕೈಫಿಯತ್ತಿನಲ್ಲಿ ರಾಜರ ಇಸವಿ ತಪ್ಪಿರಬಹುದು. ರಾಕ್ಷಸರು, ದೇವತೆಗಳು ಬರುತ್ತಾರೆ. ಮೊಲ ನಾಯಿಯನ್ನು ಅಟ್ಟಿಸಿಕೊಂಡು ಹೋದ ಜಾಗದಲ್ಲಿ ಊರು ಕಟ್ಟಿದ ಥರದ ಕಥೆ ಬರುತ್ತದೆ. ಅದನ್ನು ಬಿಟ್ಟು ಕೆರೆ, ತೂಬು, ಸಂತೆ, ಸುಂಕ, ಬರಗಾಲ ಬಂದಲ್ಲಿ ನಿಧಾನ ಮಾಡಿ. ಅಲ್ಲಿ ಶಾನುಭೋಗನ ಕೈ ನಡುಗುವುದಿಲ್ಲ. ಅದು ಅವನ ದಿನದ ಕೆಲಸ.

ಹೊಸ_ಓದುಗ:

ತುಂಬಾ ಧನ್ಯವಾದ ಮೇಡಂ. ಶನಿವಾರವೇ ಹೋಗುತ್ತೇನೆ.

ಗುಂಟೆ_ಸರಪಳಿ:

ಕಡತದ_ಮನೆಯವರೇ, ನಿಮ್ಮ ಕಡತದ ಫೋಟೊ ಹಾಕಿ. ನನಗೆ ಹಳೇ ದಾಖಲೆಯ ಮೋಡಿ ಸ್ವಲ್ಪ ಓದಲು ಬರುತ್ತದೆ. ಆದರೆ ಕಡತವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ! ಬಳಪದ ಬರಹ ಒಂದೇ ಸಲಕ್ಕೆ ಅಳಿಸಿಹೋಗುತ್ತದೆ. ಒಣ ಬ್ರಷ್ ಕೂಡ ಬೇಡ. ಪೂರ್ತಿ ಬಿಚ್ಚಲೂ ಹೋಗಬೇಡಿ, ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಎರಡೆರಡು ಪುಟ ತೆರೆದು, ಕಿಟಕಿ ಹತ್ತಿರ ಓರೆ ಬೆಳಕಲ್ಲಿ ತೆಗೆಯಿರಿ.

ಕಡತದ_ಮನೆ:

ಸರ್, ನೀವು ಹೇಳಿದ ಹಾಗೇ ತೆಗೆದು ಆರು ಫೋಟೊ ಹಾಕಿದ್ದೇನೆ. ಅಮ್ಮ ಬಿಳಿ ಪಂಚೆ ಹಿಡಿದು ಬೆಳಕು ತಿರುಗಿಸಿಕೊಟ್ಟರು.

ಗುಂಟೆ_ಸರಪಳಿ:

ನೋಡಿದೆ. ಮೊದಲ ನಾಲ್ಕು ಪುಟ ರಾಗಿ, ಹುರುಳಿ ಲೆಕ್ಕ. ಖಂಡುಗ, ಕೊಳಗ ಎಂಬ ಹಳೇ ಧಾನ್ಯದ ಅಳತೆಯಲ್ಲಿದೆ. 20 ಕೊಳಗಕ್ಕೆ 1 ಖಂಡುಗದ ಹಾಗೆ ಕೂಡಿಸಿ ನೋಡಿದೆ, ಒಂದೇ ಒಂದು ಕಡೆ ತಪ್ಪಿಲ್ಲ. ಐದನೆಯದರಲ್ಲಿ ಕೆರೆ ಏರಿಗೆ ಮಣ್ಣು ಹೊತ್ತವರ ಕೂಲಿ. ಹೆಸರುಗಳಿವೆ, ಹನ್ನೊಂದು ಜನ. ಹೆಂಗಸರ ಹೆಸರೂ ಇವೆ. ಆರನೆಯದರ ಕೆಳಗೆ "ಶಾನುಭೋಗ" ಎಂದು ಬರೆದು ರುಜು ಇದೆ. ಮುಂದಿನ ಹೆಸರಿನ ಮೊದಲ ಅಕ್ಷರ "ತಿ". ಕೊನೆಗೆ "ಯ್ಯ" ಇದೆ. ನಿಮ್ಮ ಮುತ್ತಜ್ಜನ ಹೆಸರು ಇದೇನಾ?

ಕಡತದ_ಮನೆ:

ಅಲ್ಲ ಸರ್. ಅದು ಮುತ್ತಜ್ಜನ ತಂದೆಯ ಹೆಸರು. ನಮ್ಮ ಮನೆಯಲ್ಲಿ ಅವರ ಕೈಬರಹ ಇದೆ ಎಂದು ಇಷ್ಟು ವರ್ಷ ಯಾರಿಗೂ ಗೊತ್ತಿರಲಿಲ್ಲ. ಅಮ್ಮ ದೇವರ ಮನೆಯಲ್ಲಿ ಇಡು ಅನ್ನುತ್ತಿದ್ದಾರೆ. ಕುಂಕುಮ ಹಚ್ಚಬೇಡಿ ಎಂದು ನಾನು ಬೇಡಿಕೊಳ್ಳುತ್ತಿದ್ದೇನೆ. ಎರಡನೇ ಕಡತದ ಫೋಟೊ ನಾಳೆ ಬೆಳಿಗ್ಗೆ ಬೆಳಕು ಬಂದ ಮೇಲೆ ಹಾಕುತ್ತೇನೆ. ಆ ಹನ್ನೊಂದು ಜನರ ಹೆಸರನ್ನು ಮಾತ್ರ ಇವತ್ತೇ ಒಂದೊಂದಾಗಿ ಬರೆದುಕೊಡಿ ಸರ್. ಆ ಕೆರೆ ಏರಿ ಇನ್ನೂ ಇದೆ.